ಔರಾದದ ಖಾಲಿ ತಾಟು

"ಇದು ಹನ್ನಾಬಾಯಿ ಉಂಡ ತಾಟ ಅಲ್ಲರಿ, ಬಾಯಾರ. ಯಾರ ಆಣಿ ಬೇಕಾದ್ರೂ ಮಾಡ್ತೇನಿ."

ಪಂಢರಿ ಫೋಟೋ ತೆರೆದಿದ್ದ ಮೊಬೈಲನ್ನು ಕಣ್ಣಿನ ಹತ್ತಿರ ತಂದ, ದೂರ ಒಯ್ದ, ಮತ್ತೆ ಹತ್ತಿರ ತಂದು ನೋಡಿದ. ಚಿಂತಾಕಿಯ ಅವನ ಹೊಲದಲ್ಲಿ ತೊಗರಿ ಕೊಯ್ಲು ನಡೆದಿತ್ತು. ಆಳುಗಳು ಕೆಲಸ ನಿಲ್ಲಿಸಿ ಇತ್ತಲೇ ಕಿವಿ ಕೊಟ್ಟಿದ್ದರು. ಹೆಡ್ ಕಾನ್ಸ್‌ಟೇಬಲ್ ಕೆಲಸದಿಂದ ನಿವೃತ್ತಳಾಗಿದ್ದರೂ ಕೇಶರಬಾಯಿ ಒಮ್ಮೆ ಆ ಕಡೆ ತಿರುಗಿ ನೋಡಿದ್ದೇ ತಡ, ಕುಡುಗೋಲುಗಳು ತಾವಾಗಿಯೇ ಆಡತೊಡಗಿದವು.

"ಅಲ್ಲ ಅಂತ ಹ್ಯಾಂಗ ಹೇಳ್ತಿ?"

"ಸೋಮವಾರ ಅಕಿ ಇಲ್ಲೇ ಕುಂತು ಉಂಡಾಳ್ರಿ. ನಿಮ್ಮ ಕಪಿಲನೇ ಕರಕೊಂಡು ಬಂದಿದ್ದ. ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಹಿಂಡಿ, ಎಲ್ಲಾ ಚಂದಾಗಿ ಉಂಡಳು. ಆದ್ರ ರೊಟ್ಟಿ ಅಂಚು ತಿನ್ನಲಿಲ್ಲ, ಮೆಣಸಿನಕಾಯಿ ಮುಟ್ಟಲಿಲ್ಲ. ಬಿಟ್ಟ ತಾಟಿಂದೂ ಫೋಟೋ ಹೊಡಕೊಂಡಳು. ಎಂಜಲ ತಾಟಿನ ಫೋಟೋ ಯಾರು ತೆಗೀತಾರ್ರೀ ಅಂತ ನಮ್ಮ ಸುಮನ ನಕ್ಕೂ ನಕ್ಕೂ ಸುಸ್ತಾದಳು."

ಸುಮನ ಗಂಡನ ಹಿಂದೆ ನಿಂತಿದ್ದಳು. ಇವತ್ತು ಅವಳಿಗೆ ನಗು ಬರಲಿಲ್ಲ.

ಪೋಲೆಂಡಿನ ನಿವೃತ್ತ ಶಿಕ್ಷಕಿ ಹಾನ್ನಾ ಕಾಣೆಯಾಗಿ ಇದು ಮೂರನೆಯ ದಿನ. ಅವಸರವಿಲ್ಲದ ಹೆಂಗಸು. ಬೀದರಿನ ಕೋಟೆಯನ್ನು ಎಲ್ಲರೂ ಅರ್ಧ ದಿನದಲ್ಲಿ ನೋಡಿ ಮುಗಿಸಿದರೆ ಇವಳು ಅದಕ್ಕೇ ವಾರ ಹಿಡಿದಿದ್ದಳು. ಹಳೇ ಊರು ಕಂಡರೆ ತಿರುಗಾಟ, ಹೊಸ ಅಡುಗೆ ಕಂಡರೆ ಊಟ. ಊಟಕ್ಕೆ ಎರಡು ಫೋಟೋ: ತುಂಬಿದ ತಾಟಿನದೊಂದು, ಉಂಡಾದ ಮೇಲಿನದೊಂದು. ಎರಡನ್ನೂ ತನ್ನ ಪುಟಕ್ಕೆ ಹಾಕಿ, ಕೆಳಗೆ ಊರ ಹೆಸರು ಬರೆಯುತ್ತಿದ್ದಳು. ಅವಳ ಹೆಸರು ನಾಲಿಗೆಗೆ ಒಗ್ಗದ ಹಳ್ಳಿಯವರು ಹನ್ನಾಬಾಯಿ ಎಂದು ಕರೆದು ತಮ್ಮವಳನ್ನಾಗಿ ಮಾಡಿಕೊಂಡಿದ್ದರು.

ಕೊನೆಯ ಎರಡು ಫೋಟೋ ಬಂದದ್ದು ಗುರುವಾರ ಮಧ್ಯಾಹ್ನ. ಕೆಳಗೆ ಬರೆದ ಊರು ಔರಾದ. ಆಮೇಲೆ ಫೋನೂ ಇಲ್ಲ, ಹನ್ನಾಬಾಯಿಯೂ ಇಲ್ಲ.

ಅದೇ ಗುರುವಾರ ಔರಾದದ ಪೆಟ್ರೋಲ್ ಬಂಕಿನಲ್ಲಿ ಕಪಿಲನ ಗಾಡಿ ಕಂಡವರಿದ್ದರು. ಮುಂಜಾನೆ ಭಾಲ್ಕಿ ಕೋಟೆಯ ಮುಂದೆ ಅವಳನ್ನು ಇಳಿಸಿದವನು ಮತ್ತೆ ನೋಡಿಲ್ಲ, ಫೋಟೋ ಬಂದ ಹೊತ್ತಿಗೆ ಚಿದ್ರಿಯ ಹೋಟೆಲಿನಲ್ಲಿದ್ದೆ ಎನ್ನುತ್ತಾನೆ ಕಪಿಲ. ಹಾಗಾದರೆ ಔರಾದಕ್ಕೆ ಯಾಕೆ ಹೋಗಿದ್ದೆ ಎಂದರೆ ನೆಲ ನೋಡುತ್ತಾನೆ. ನಿನ್ನೆಯಿಂದ ಅವನನ್ನು ವಿಚಾರಣೆಗೆಂದು ಠಾಣೆಯಲ್ಲಿ ಕೂರಿಸಿದ್ದಾರೆ. ಇವತ್ತು ಸಂಜೆಯೊಳಗೆ ಬೇರೆ ದಾರಿ ಕಾಣದಿದ್ದರೆ ಅರೆಸ್ಟ್ ತೋರಿಸುತ್ತಾರೆ.

ಪ್ರವಾಸಿಗರನ್ನು ತನ್ನ ಗಾಡಿಯಲ್ಲಿ ಸುತ್ತಾಡಿಸುವ ಕಪಿಲ ಕೇಶರಬಾಯಿಯ ತಂಗಿಯ ಮಗ. ಹೆತ್ತವಳು ಅವನಿಗೆ ಹಲ್ಲು ಮೂಡುವ ಮೊದಲೇ ಹೋದಳು. ಚಿದ್ರಿಯ ಎರಡು ಕೋಣೆಯ ಮನೆಯಲ್ಲಿ, ಡ್ಯೂಟಿಗೂ ತೊಟ್ಟಿಲಿಗೂ ನಡುವೆ ಓಡಾಡಿ ಅವನನ್ನು ಬೆಳೆಸಿದವಳು ಈ ಮೌಶಿ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಸಾಕಿದವರ ಕತೆ ಇನ್ನೂ ಒಂದು ಕೈ ಮೇಲೆ.

ಕೇಶರಬಾಯಿ ಹೊರಸಿನ ಮೇಲೆ ಕುಳಿತು ಹನ್ನಾಬಾಯಿಯ ಪುಟವನ್ನು ಹಿಂದಕ್ಕೆ ಸರಿಸಿದಳು. ಬೀದರಿನ ಹಳೇ ಊರಲ್ಲಿ ಶಾಕಿರಾ ಬೇಗಂ ಎಂಬವರ ಮನೆಯಲ್ಲಿ ಬಡಿಸಿದ ಬಗಾರಾ ಅನ್ನ: ಲವಂಗ, ಚಕ್ಕೆ ಅಂಚಿಗೆ ಸಾಲಾಗಿ ಇಟ್ಟಿದ್ದವು. ಭಾಲ್ಕಿಯ ಖಾನಾವಳಿ: ಉಳ್ಳಾಗಡ್ಡಿ ಅಲ್ಲೇ ಬಿದ್ದಿತ್ತು. ಚಿಂತಾಕಿ: ರೊಟ್ಟಿಯ ಅಂಚುಗಳು. ಯಾವ ತಾಟೂ ಬರಿದಾಗಿರಲಿಲ್ಲ.

ಔರಾದದ ತಾಟಿನಲ್ಲಿ ಮಾತ್ರ ಒಂದು ಅಗಳಿಲ್ಲ. ಎಣ್ಣೆಯ ಜಿಡ್ಡೂ ಇಲ್ಲ. ಸ್ಟೀಲಿನ ಮೇಲೆ ಒದ್ದೆ ಬೆರಳು ಸುತ್ತು ಹೊಡೆದ ಗೆರೆಗಳು ಬಿಸಿಲಿಗೆ ಹೊಳೆಯುತ್ತಿದ್ದವು.

ಅವಳ ಕಣ್ಣು ಹೊರಸಿನ ಪಕ್ಕಕ್ಕೆ ಹೋಯಿತು. ಪಂಢರಿ ಆಗಷ್ಟೇ ಉಂಡೆದ್ದ ತಾಟು ಅಲ್ಲಿತ್ತು. ಅದರಲ್ಲೇ ಕೈ ತೊಳೆದಿದ್ದ. ಕಲಗಚ್ಚಿನಂಥ ನೀರಿನಲ್ಲಿ ಜೋಳದ ಚೂರು ತೇಲುತ್ತಿತ್ತು.

ಇದು ಪಂಢರಿಯ ತಾಟು. ಅಂಚು ಉಳಿದದ್ದು ಹನ್ನಾಬಾಯಿಯ ತಾಟು. ಹಾಗಾದರೆ ಔರಾದದ್ದು ಯಾರದು?

ತಟ್ಟನೆ ಅವಳಿಗೆ ಶಿವರಾಜಪ್ಪನ ನೆನಪಾಯಿತು. ಅವಳ ಜೊತೆಗೇ ಠಾಣೆಯಲ್ಲಿ ದುಡಿದ ಮನುಷ್ಯ, ಬಸವಣ್ಣನ ಭಕ್ತ. ಎಂಥ ಗಲಾಟೆ ನಡೆದಿದ್ದರೂ ಊಟವಾದ ಮೇಲೆ ತಾಟಿಗೆ ನೀರು ಹಾಕಿ, ಬೆರಳಾಡಿಸಿ, ಆ ನೀರನ್ನು ಕುಡಿಯದೆ ಏಳುತ್ತಿರಲಿಲ್ಲ. "ಪ್ರಸಾದರಿ ಬಾಯಾರ, ಚೆಲ್ಲಬಾರದು" ಎನ್ನುತ್ತಿದ್ದ. ಒಮ್ಮೆ ಎಸ್ಪಿ ಸಾಹೇಬರು ಬಾಗಿಲಲ್ಲಿ ಬಂದು ನಿಂತಾಗಲೂ ಅವನು ಮೊದಲು ತಾಟು ಕುಡಿದೇ ಸೆಲ್ಯೂಟ್ ಹೊಡೆದಿದ್ದ.

ಕೇಶರಬಾಯಿ ಎದ್ದು ನಿಂತು ಫರಹತಗೆ ಫೋನು ಹಚ್ಚಿದಳು. ಸಬ್ ಇನ್ಸ್‌ಪೆಕ್ಟರ್ ಫರಹತ ಇಲಾಖೆಗೆ ಬಂದ ಹೊಸದರಲ್ಲಿ ಕೆಲಸ ಕಲಿತದ್ದು ಅವಳ ಹತ್ತಿರವೇ.

"ಫರಹತ, ಆ ಫೋಟೋ ಹನ್ನಾಬಾಯಿ ತೆಗದಿದ್ದಲ್ಲ. ಅಕಿ ಫೋನಿನ್ಯಾಗ ಬ್ಯಾರೆ ಯಾರೋ ತೆಗದಾರ. ಎರಡನೇ ಫೋಟೋ ಬೇಕಲ್ಲ, ಅದಕ್ಕ ಆ ಊಟ ತಾವೇ ಉಂಡಾರ. ಉಂಡಾಂವ ತಾಟ ತೊಳದು ನೀರು ಕುಡದಾನ."

"ಅಕ್ಕಾರ, ಬರೇ ತಾಟ ನೋಡಿ ನಾ ಸಾಹೇಬರಿಗಿ ಏನಂತ ಹೇಳಲಿ?"

"ನಮ್ಮ ಮನ್ಯಾಗ ಎಷ್ಟು ಸಲ ಉಂಡೀ ನೀ. ಕಪಿಲ ಬಿಟ್ಟ ತಾಟ ನೋಡಿಲ್ಲೇನ?"

ಅರ್ಧ ರೊಟ್ಟಿ, ಅರ್ಧ ಪಲ್ಲೆ ಬಿಟ್ಟು ಏಳುವ ಕಪಿಲನಿಗೆ ಕೇಶರಬಾಯಿ ಬೈಯುವುದನ್ನು ಫರಹತ ಎಷ್ಟೋ ಸಲ ಕೇಳಿದ್ದಳು.

"ಖರೇ ಅದರಿ," ಎಂದಳು. "ಬಂಕಿನಾಂವನೂ ಮುಂಜಾನಿಂದ ತಡವರಿಸ್ಲತ್ತಾನ. ಅವನಿಗಿ ಮತ್ತೊಮ್ಮೆ ಕೇಳ್ತೇನಿ. ನೀವೆಲ್ಲಿ ಹೊಂಟೀರಿ?"

"ಹಲಬರ್ಗಾಕ್ಕ. ನಂದಕುಮಾರನ ಮನಿಗಿ."

ಯಾಕೆ ಅಲ್ಲಿಗೇ ಎಂದು ಫರಹತ ಕೇಳಲಿಲ್ಲ. ತಾಟು ತೊಳೆದು ಕುಡಿಯುವವರು ಈ ಸೀಮೆಯಲ್ಲಿ ಊರೂರಿಗೂ ಇದ್ದಾರೆ. ಆದರೆ ಹನ್ನಾಬಾಯಿಯ ಎರಡು ಫೋಟೋಗಳ ಚಟವನ್ನು ಹತ್ತಿರದಿಂದ ಕಂಡು, ಹಾಗೆ ಉಣ್ಣುವ ಮನೆ ಒಂದೇ. ಭಾಲ್ಕಿ ತಾಲೂಕಿನ ಹಲಬರ್ಗಾದಲ್ಲಿ ನಂದಕುಮಾರ ತನ್ನ ಹಳೇ ವಾಡೆಯನ್ನು ಪ್ರವಾಸಿಗರಿಗೆ ಬಿಟ್ಟುಕೊಟ್ಟು ಮನೆಯೂಟ ಹಾಕುತ್ತಿದ್ದ. ಹನ್ನಾಬಾಯಿ ಕಳೆದ ವಾರ ಅಲ್ಲಿ ಉಳಿದಿದ್ದಳು. ಅವಳನ್ನು ಕರೆತಂದವನು ಕಪಿಲ. ಇನ್ನು ಮೇಲೆ ಪ್ರವಾಸಿಗರನ್ನು ತಾನೇ ನೇರವಾಗಿ ಕರೆಸಿಕೊಳ್ಳುತ್ತೇನೆ, ನಡುವೆ ಕಪಿಲ ಯಾಕೆ ಬೇಕು ಎಂದು ನಂದಕುಮಾರ ಅಲ್ಲಲ್ಲಿ ಆಡಿದ್ದೂ ಕೇಶರಬಾಯಿಯ ಕಿವಿಗೆ ಬಿದ್ದಿತ್ತು. ಕಪಿಲನನ್ನು ಸಿಕ್ಕಿಸಲು ಇದಕ್ಕಿಂತ ಬೇರೆ ಕಾರಣ ಬೇಕೆ?

ಸ್ಕೂಟಿ ಮಾಂಜ್ರಾ ಸೇತುವೆ ದಾಟುವಾಗ ಕೇಶರಬಾಯಿಗೆ ನಿನ್ನೆಯಿಂದ ಮೊದಲ ಸಲ ಉಸಿರು ಸಲೀಸಾಗಿ ಆಡಿತು. ಹುಡುಗ ಇವತ್ತು ಮನೆಯಲ್ಲಿ ಮಲಗುತ್ತಾನೆ ಎಂದುಕೊಂಡಳು.

ವಾಡೆಯ ಬಾಗಿಲಲ್ಲಿ ನಂದಕುಮಾರನ ತಾಯಿ ವಿಮಲಾಬಾಯಿ ಎದುರಾದಳು. ಹಣೆ ತುಂಬ ವಿಭೂತಿ, ಕೈ ತುಂಬ ಹಸಿರು ಬಳೆ.

"ಉಣ್ಣೋ ಹೊತ್ತಿಗಿ ಬಂದೀರಿ. ಮದಲ ಕೈಕಾಲು ತೊಳಕೋರಿ. ಮಾತು ಎಲ್ಲಿ ಓಡಿ ಹೋಗ್ತದ?"

ಕೇಶರಬಾಯಿಯ ತಾಯಿ ಇಂಥ ವಾಡೆಗಳ ಹೊಸ್ತಿಲಾಚೆಯೇ ನಿಂತು ರೊಟ್ಟಿ ಇಸಿದುಕೊಂಡವಳು. ವಿಮಲಾಬಾಯಿ ಆ ತಾಯಿಯ ಮಗಳ ಕೈ ಹಿಡಿದು ಒಳಗೆ ಕರೆದು, ತನ್ನ ಮಗನ ಪಕ್ಕದಲ್ಲೇ ಮಣೆ ಹಾಕಿದಳು. ಹೀಗೆ ಮಣೆ ಹಾಕಿದವಳ ಮಗನನ್ನೇ ಹಿಡಿಯಲು ಬಂದಿದ್ದೇನಲ್ಲ ಎಂದು ಕೇಶರಬಾಯಿಗೆ ಒಳಗೇ ಚುಚ್ಚಿತು. ಆದರೂ ಕುಳಿತಳು.

ನಂದಕುಮಾರ ನಲವತ್ತರ ಆಸುಪಾಸಿನವನು. ನಕ್ಕ. ನಗು ತುಟಿ ದಾಟಿ ಮೇಲೆ ಹೋಗಲಿಲ್ಲ.

"ಕಪಿಲನ ವಿಷಯ ಕೇಳಿ ಭಾಳ ಕೆಟ್ಟ ಅನ್ನಿಸ್ತರಿ ಬಾಯಾರ."

"ನಿನಗೂ ಹನ್ನಾಬಾಯಿಗೂ ಪರಿಚಯ ಇತ್ತಲ್ಲಪಾ. ಗುರುವಾರ ಅಕಿ ಈ ಕಡಿ ಬಂದಿದ್ದಳೇನು ಅಂತ ಕೇಳ್ಲಕ ಬಂದೆ."

"ಇಲ್ಲರಿ. ಗುರುವಾರ ನಾ ಮನಿ ಬಿಟ್ಟು ಎಲ್ಲೂ ಹೋಗಿಲ್ಲ. ಬಂದಿದ್ರ ಗೊತ್ತಾಗ್ತಿತ್ತು."

ರೊಟ್ಟಿ ಬಂತು, ಎಣ್ಣೆಗಾಯಿ ಬಂತು, ಮೊಸರು ಬಂತು. ಕೇಶರಬಾಯಿ ಮುರಿದು ಬಾಯಿಗಿಟ್ಟಳು. ರುಚಿ ತಿಳಿಯಲಿಲ್ಲ. ಅವಳ ಕಣ್ಣೆಲ್ಲ ಪಕ್ಕದ ತಾಟಿನ ಮೇಲೆ.

ಕಳ್ಳರ ಹಿಂದೆ ಓಡಿದ್ದಾಳೆ, ಗೋಡೆ ಹಾರಿದ್ದಾಳೆ, ಒಮ್ಮೆ ಕುಡುಕನೊಬ್ಬನ ಕೈಯಿಂದ ಕೊಡಲಿ ಕಿತ್ತಿದ್ದಾಳೆ. ಆದರೆ ಒಬ್ಬ ಗಂಡಸು ತಾಟಿನಲ್ಲಿದ್ದದ್ದನ್ನು ಉಂಡು ಮುಗಿಸಲಿ ಎಂದು ಹೀಗೆ ಜೀವ ಹಿಡಿದು ಕಾದದ್ದು ಮಾತ್ರ ಅವಳ ನೌಕರಿಯಲ್ಲೇ ಇರಲಿಲ್ಲ.

ನಂದಕುಮಾರ ಉಣ್ಣಲೊಲ್ಲ. ತುತ್ತು ಕಟ್ಟುತ್ತಾನೆ, ಬಿಡುತ್ತಾನೆ. ಫೋನು ನೋಡುತ್ತಾನೆ, ಬಾಗಿಲ ಕಡೆ ನೋಡುತ್ತಾನೆ. ಎರಡು ದಿನದಿಂದ ಸರಿಯಾಗಿ ನಿದ್ದೆ ಮಾಡದವನ ಕಣ್ಣು.

"ಅನ್ನದ ಮುಂದ ಕುಂತು ಏನು ಯೋಚನಿ ಮಾಡ್ತೀಯೋ?" ಒಳಗಿನಿಂದ ತಾಯಿ ಗದರಿದಳು. "ಬಿಟ್ಟು ಎದ್ದಿಯಂದ್ರ ನೋಡು ಮತ್ತ."

ಅವನು ತಲೆ ಬಗ್ಗಿಸಿ ಗಬಗಬ ತಿಂದ. ಕೊನೆಯ ತುತ್ತೂ ಹೋಯಿತು. ಕೇಶರಬಾಯಿ ತನ್ನ ಕೈ ನಿಲ್ಲಿಸಿದಳು.

ಅವನ ಎಡಗೈ ತಂಬಿಗೆಗೆ ಹೋಯಿತು. ತಾಟಿಗೆ ನೀರು ಬಿತ್ತು. ಬಲಗೈ ಬೆರಳು ಅಂಚಿನಿಂದ ನಡುವಿನವರೆಗೆ ಸುತ್ತು ಹೊಡೆಯಿತು. ತಾಟನ್ನೆತ್ತಿ ಕುಡಿದು, ಕೊನೆಯ ಹನಿಯನ್ನೂ ಬೆರಳಿನಿಂದ ಒರೆಸಿ ಬಾಯಿಗಿಟ್ಟುಕೊಂಡು, ಕೆಳಗಿಟ್ಟ.

ಅವಳು ಔರಾದದ ಫೋಟೋ ತೆರೆದು ಮೊಬೈಲನ್ನು ಆ ತಾಟಿನ ಪಕ್ಕ ಇಟ್ಟಳು.

"ಎರಡೂ ನೋಡು ನಂದಕುಮಾರ. ಏನರೆ ಫರಕ್ ಅದೇನು?"

ಅವನು ನೋಡಿದ. ಮೊಬೈಲನ್ನು ಅವಳ ಕಡೆಗೇ ಸರಿಸಿದ.

"ಇದೇನ್ರಿ ಬಾಯಾರ? ಹಿಂಗ ಉಣ್ಣೋರು ಈ ತಾಲೂಕಿನಾಗ ಸಾವಿರಾರು ಮಂದಿ ಅದಾರ."

"ಅದಾರ. ಅವರ್‍ಯಾರಿಗೂ ಹನ್ನಾಬಾಯಿ ಉಂಡ ತಾಟಿನ ಫೋಟೋ ತೆಗೀತಾಳ ಅಂತ ಗೊತ್ತಿಲ್ಲ. ನಿನಗ ಗೊತ್ತಿತ್ತು."

"ಅಷ್ಟಕ್ಕ ನಾ..."

"ಕೇಳು. ನಿನಗ ಬೇಕಾಗಿದ್ದು ಖಾಲಿ ತಾಟ. ಊಟ ನಾಯಿಗಿ ಹಾಕಿದ್ರೂ ತಾಟ ಖಾಲಿ ಆಗ್ತಿತ್ತು. ಎರಡು ರೊಟ್ಟಿ ಅಂಚು ಬಿಟ್ಟಿದ್ರ ನನ್ನಪ್ಪನ ಆಣಿ, ನಾನೂ ನಂಬ್ತಿದ್ದೆ. ಆದ್ರ ಚೆಲ್ಲಲಕ ನಿನಗ ಮನಸ್ಸಾಗಲಿಲ್ಲ. ಉಂಡಿ. ಉಂಡ ಮ್ಯಾಲ ಕೈ ತನ್ನ ಪಾಡಿಗಿ ತಾನು ನೀರು ಹಾಕ್ತು. ಈಗ ಹಾಕಿತಲ್ಲ, ಹಂಗೇ."

ನಂದಕುಮಾರ ತನ್ನ ಬಲಗೈಯನ್ನೇ ನೋಡಿಕೊಂಡ. ಬೇರೆ ಯಾರದೋ ಕೈ ತನಗೆ ಅಂಟಿಕೊಂಡಿದೆಯೇನೋ ಎಂಬಂತೆ ಅದನ್ನು ಪಂಚೆಯ ಮಡಿಕೆಯಲ್ಲಿ ಮುಚ್ಚಿಟ್ಟ.

"ನಾ ಗುರುವಾರ ಮನ್ಯಾಗೇ ಇದ್ದೆ," ಎಂದ. ದನಿ ಗಟ್ಟಿಯಾಗಿತ್ತು, ಅಗತ್ಯಕ್ಕಿಂತ ಗಟ್ಟಿ.

ವಿಮಲಾಬಾಯಿ ಮಜ್ಜಿಗೆಯ ಚರಿಗೆ ಹಿಡಿದು ಹೊರಗೆ ಬಂದಳು.

"ಗುರುವಾರೇನ? ಅವತ್ತು ಮನ್ಯಾಗ ಎಲ್ಲಿದ್ದೆಪಾ? ಬೀಜ ನೋಡ್ಲಕ ಔರಾದಕ್ಕ ಹೋಗಿದ್ದೆ ಅಂದಿ. ಹೋಳಿಗಿ ಮಾಡಿ ಕುಂತಿದ್ದೆ ನಾ. ಅಲ್ಲೇ ಉಂಡು ಬಂದೀನಿ ಅಂತ ಒಂದೂ ಮುಟ್ಟಲಿಲ್ಲ." ಆಮೇಲೆ ಕೇಶರಬಾಯಿಯ ಕಡೆ ತಿರುಗಿ, "ಹೋಳಿಗಿ ಅಂದ್ರ ಜೀವ ಬಿಡ್ತಾನ್ರಿ ಇಂವ. ಅವತ್ತಿಂದ ಊಟಾನೇ ಸೇರ್‍ಲತ್ತಿಲ್ಲ. ಯಾರ ಕಣ್ಣು ಬಿತ್ತೋ," ಎಂದಳು.

ವಿಮಲಾಬಾಯಿ ಮಗನ ಮುಖ ನೋಡಿದಳು, ಬಂದವಳ ಮುಖ ನೋಡಿದಳು. ಚರಿಗೆಯನ್ನು ಮೆಲ್ಲಗೆ ನೆಲಕ್ಕಿಟ್ಟಳು.

"ನಂದೂ, ಏನು ಮಾಡಿಯೋ?"

ತಾಯಿಯ ಆ ಒಂದು ಮಾತಿಗೆ ಅವನು ಕುಸಿದುಬಿಟ್ಟ. ಪೊಲೀಸರ ಲಾಠಿಗೂ ಬಾಯಿ ಬಿಡದ ಗಂಡಸರನ್ನು ಕೇಶರಬಾಯಿ ಕಂಡಿದ್ದಳು. ತಾಯಿಯ ಪ್ರಶ್ನೆಗೆ ಬಿಡದವರನ್ನು ಕಂಡಿರಲಿಲ್ಲ.

"ಫೋಟೋ ನಾನೇ ತೆಗದೀನ್ರಿ," ಎಂದ. ಕಣ್ಣೀರು ಬಂದಿತ್ತು. "ಔರಾದದ ಖಾನಾವಳ್ಯಾಗ. ಖರೇ. ಆದ್ರ ಅಕಿಗಿ ನಾ ಏನೂ ಮಾಡಿಲ್ಲ. ಅಕಿ ಮುಖಾನೂ ನಾ ಅವತ್ತು ನೋಡಿಲ್ಲ."

"ಅಕಿ ಫೋನು ನಿನ್ನ ಕೈಯಾಗ ಹ್ಯಾಂಗ ಬಂತು?"

"ಕೊಟ್ಟರಿ."

"ಯಾರು?"

ಅವನು ಮುಖ ತಿರುಗಿಸಿದ. ಕೇಶರಬಾಯಿಗೆ ರೇಗಿತು. ಅಲ್ಲಿ ಠಾಣೆಯ ಬೆಂಚಿನ ಮೇಲೆ ತನ್ನ ಕೂಸು ಕುಳಿತಿದೆ, ಇವನು ಇಲ್ಲಿ ಗುಟ್ಟು ಕಾಯುತ್ತಿದ್ದಾನೆ. ಅವನ ಅಂಗಿಯ ಕಾಲರಿಗೆ ಕೈ ಹಾಕಿದಳು.

"ಯಾರಂತ ಹೇಳು. ಇಲ್ಲಾಂದ್ರ ಇಲ್ಲಿಂದಲೇ ಜೀಪ್ ಕರಸ್ತೇನಿ."

"ಬ್ಯಾಡ್ರಿ ಬಾಯಾರ. ನಿಮಗ ಹೇಳ್ಲಕ ನನಗ ಬಾಯಿ ಬರವಲ್ದು." ಅವನು ತನ್ನ ಫೋನನ್ನು ತೆರೆದು ಒಂದು ಧ್ವನಿ ಸಂದೇಶದ ಮೇಲೆ ಒತ್ತಿದ. "ನೀವೇ ಕೇಳ್ರಿ."

ಮೊದಲು ಕಪ್ಪುಬಸಿಗಳ ಸದ್ದು. ಯಾರೋ ನಕ್ಕದ್ದು. ಆಮೇಲೆ ಆ ದನಿ.

"ನಂದಣ್ಣಾ, ನಾ ಬೀದರ ಮುಟ್ಟೀನಿ. ಚಿದ್ರಿ ಹೋಟೆಲಿನಾಗ ನಾಕು ಮಂದಿ ನಡುವ ಕುಂತೀನಿ. ಈಗ ಹಾಕಿಬಿಡು. ತುಂಬಿದ ತಾಟಿಂದೂ ಹಾಕು, ಉಂಡಿದ್ದರದೂ ಹಾಕು. ಎರಡೂ ಇಲ್ಲಾಂದ್ರ ಜನ ನಂಬಂಗಿಲ್ಲ. ಹಾಂ, ಒಂದು ಮಾತು. ನಮ್ಮ ಮೌಶಿಗಿ ಗೊತ್ತಾಗಬಾರದು. ಅಕಿ ಮುಖಾ ನೋಡಿ ಸುಳ್ಳು ಹೇಳ್ಲಕ ನನಗ ಬರಂಗಿಲ್ಲ."

ಕೇಶರಬಾಯಿಯ ಕೈ ಕಾಲರಿನಿಂದ ಜಾರಿತು.

"ಮತ್ತೊಮ್ಮೆ ಹಚ್ಚು," ಎಂದಳು.

ಮತ್ತೊಮ್ಮೆ ಹಚ್ಚಿದ. ಅದೇ ದನಿ. ಜ್ವರ ಬಂದಾಗ ನೀರು ಕೇಳಿದ ದನಿ, ಮೆಟ್ರಿಕ್ ಪಾಸಾದೆ ಎಂದು ಬೀದಿಯ ತುದಿಯಿಂದಲೇ ಕೂಗಿದ ದನಿ.

ನಂದಕುಮಾರ ಒಂದೇ ಉಸಿರಿಗೆ ಹೇಳುತ್ತಿದ್ದ. "ಗುರುವಾರ ಕಪಿಲ ನನ್ನ ಔರಾದಕ್ಕ ಕರಸಿ ಅಕಿ ಫೋನು ಕೊಟ್ಟ. ಹನ್ನಾಬಾಯಿ ನಾಕು ದಿನ ಯಾರಿಗೂ ಹೇಳದಂಗ ಒಬ್ಬಾಕಿ ಇರ್ಬೇಕಂತಾಳ, ಅಕಿ ಕಡಿಯೋರು ಕಾಳಜಿ ಮಾಡಬಾರದು, ಒಂದು ಊಟದ ಫೋಟೋ ಹಾಕಿಬಿಡು ಅಂದ. ನಾ ನಂಬಿದೆ. ಸಂಜಿಕಿ ಬಂದು ಫೋನು ವಾಪಸ್ ಒಯ್ದ. ನಿನ್ನಿ ಮುಂಜಾನಿ ಮತ್ತ ಬಂದಿದ್ದರಿ. ಪೊಲೀಸರಿಗಿ ಬಾಯಿ ಬಿಟ್ಟಿಯಂದ್ರ ಹನ್ನಾಬಾಯಿ ಹೋದಲ್ಲಿಗೇ ನಿನಗೂ ಕಳಸ್ತೇನಿ ಅಂದ."

"ಹೋದಲ್ಲಿಗಿ ಅಂದ್ರ ಎಲ್ಲಿಗಿ?"

"ಗೊತ್ತಿಲ್ಲರಿ. ಅವನಿಗೊಬ್ಬನಿಗೇ ಗೊತ್ತು."

ವಿಮಲಾಬಾಯಿ ಗೋಡೆಗೊರಗಿ ಶಿವಶಿವಾ ಎನ್ನುತ್ತ ಕುಳಿತುಬಿಟ್ಟಿದ್ದಳು. ಕೇಶರಬಾಯಿ ತನ್ನ ಮೊಬೈಲನ್ನು ಎತ್ತಿಕೊಂಡಳು. ಇಡೀ ಜನ್ಮದಲ್ಲಿ ಅಷ್ಟು ಭಾರದ ವಸ್ತುವನ್ನು ಅವಳು ಎತ್ತಿರಲಿಲ್ಲ. ಸಂದೇಶವನ್ನು ಅಳಿಸಿಬಿಡು ಎಂದು ನಂದಕುಮಾರನಿಗೆ ಒಂದು ಮಾತು ಹೇಳಿದರೆ ಸಾಕಿತ್ತು. ಅಂಜಿದ ಮನುಷ್ಯ, ಹಾಗೇ ಮಾಡುತ್ತಿದ್ದ. ಆ ಮಾತು ನಾಲಿಗೆಯ ತುದಿಯವರೆಗೆ ಬಂದದ್ದೂ ಸುಳ್ಳಲ್ಲ.

ಅವಳು ಫರಹತಗೆ ಫೋನು ಹಚ್ಚಿದಳು.

"ಫರಹತ, ನಾ ಹೇಳೋತನಾ ಕಪಿಲನ್ನ ಬಿಡಬ್ಯಾಡ."

ಆ ಕಡೆ ಫರಹತ ಕುರ್ಚಿ ಸರಿಸಿ ಎದ್ದ ಸದ್ದು ಕೇಳಿಸಿತು.

"ಕೇಳಿಸ್ತೇನ? ಅವನ್ನ ಬಿಡಬ್ಯಾಡ ಅಂದೆ."

"ಅಕ್ಕಾರ," ಫರಹತಳ ದನಿ ಸಣ್ಣದಾಯಿತು. "ಬಿಟ್ಟೇನ್ರಿ. ಆಗಲೇ. ನಿಮ್ಮ ತಾಟಿನ ಮಾತು ಸಾಹೇಬರಿಗಿ ಹೇಳಿದೆ. ಬಂಕಿನಾಂವನೂ ಗಾಡಿ ಅದೇ ಅಂತ ಗ್ಯಾರಂಟಿ ಹೇಳ್ಲಕ ಬರಲ್ಲ ಅಂದುಬಿಟ್ಟ. ಸಾಹೇಬರು, ಕೇಶರಬಾಯಿ ಅಂದ ಮ್ಯಾಲ ಮುಗೀತು, ಕಳಸು ಹುಡುಗನ್ನ ಅಂದ್ರು. ಯಾಕ್ರಿ? ಏನಾತ್ರಿ?"

"ಎಲ್ಲಿಗಿ ಹ್ವಾದ?"

"ಮೌಶಿ ಎಲ್ಲ್ಯಾಳ ಅಂತ ಕೇಳಿದ. ನಿನ್ನ ಸಲುವಾಗೇ ಹಲಬರ್ಗಾಕ್ಕ ನಂದಕುಮಾರನ ಮನಿಗಿ ಹೋಗ್ಯಾಳ ಅಂದೆ. ಬಿಸಲಾಗ ಸ್ಕೂಟಿ ಹೊಡಕೊಂಡು ಬರ್‍ತಾಳ, ನಾನೇ ಹೋಗಿ ಕರಕೊಂಡು ಬರ್ತೇನಿ ಅಂತ ಗಾಡಿ ತಗೊಂಡು ಹೋದ. ಅಕ್ಕಾರ? ಹಲೋ?"

ಅಂಗಳದಲ್ಲಿ ಗಾಡಿಯೊಂದು ಬಂದು ನಿಂತ ಸದ್ದಾಯಿತು. ಅದರ ಬಾಗಿಲು ತೆರೆದು ಮುಚ್ಚಿತು.

ನಂದಕುಮಾರ ಒಂದೇ ನೆಗೆತಕ್ಕೆ ಎದ್ದು ವಾಡೆಯ ಬಾಗಿಲಿಗೆ ಅಗಳಿ ಜಡಿದ. ಅವನ ಮುಖದಲ್ಲಿ ರಕ್ತವಿರಲಿಲ್ಲ. "ತೆಗೀಬ್ಯಾಡ್ರಿ ಬಾಯಾರ, ನಿಮ್ಮ ಕಾಲಿಗಿ ಬೀಳ್ತೇನಿ," ಎಂದು ಪಿಸುಗುಟ್ಟಿದ. "ನಿನ್ನಿ ಬಂದಾಗ ಅವನ ಕೈಯಾಗ ಏನಿತ್ತು ಅಂತ ನಾ ನಿಮಗಿನ್ನೂ ಹೇಳಿಲ್ಲ."

ಹೆಜ್ಜೆಗಳು ಕಟ್ಟೆ ಹತ್ತಿದವು. ಚಿಲಕ ಮೆಲ್ಲಗೆ ಬಡಿಯಿತು.

"ಮೌಶೀ," ಹೊರಗಿನಿಂದ ಕಪಿಲ ಕರೆದ. ಯಾವಾಗಲೂ ಇರುವ ಅದೇ ಅಕ್ಕರೆಯ ದನಿ. "ಊಟ ಆಯ್ತೇನ? ಬಾ, ಮನಿಗಿ ಹೋಗಮು."

ತೊಟ್ಟಿಲಲ್ಲಿದ್ದಾಗಿನಿಂದ ಆ ದನಿ ಕರೆದಾಗಲೆಲ್ಲ ಕೈಯಲ್ಲಿದ್ದ ಕೆಲಸ ಬಿಟ್ಟು ಓಡಿದವಳು ಅವಳು. ಈಗ ಸೆರಗನ್ನು ಬಾಯಿಗೆ ಒತ್ತಿ ಹಿಡಿದು, ನಂದಕುಮಾರನ ಪಕ್ಕಕ್ಕೆ ಸರಿದು, ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು.